ಹಳೇ ಫೋಟೊಗೆ ಯಾವ ತಾರೀಖು? ಎಕ್ಸಿಫ್, ಐಪಿಟಿಸಿ, ಎಕ್ಸ್‌ಎಂಪಿ, ಇಡಿಟಿಎಫ್: ನಾನು ಬಳಸಿ ನೋಡಿದ್ದು

ಮನೆಯ ಹಳೇ ಆಲ್ಬಮ್‌ಗಳನ್ನು ಸ್ಕ್ಯಾನ್ ಮಾಡಿ ಮುಗಿಸಿದ ಮೇಲೆ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ನೋಡಿದೆ. ಅಜ್ಜಿ ಶಾಲೆಗೆ ಹೋಗುತ್ತಿದ್ದಾಗಿನ ಚಿತ್ರ ಹೋದ ತಿಂಗಳ ಫೋಟೊಗಳ ಮಧ್ಯೆ ಬಂದು ಕೂತಿತ್ತು. ಸ್ಕ್ಯಾನರ್‌ಗೆ ಗೊತ್ತಿದ್ದದ್ದು ಒಂದೇ ತಾರೀಖು, ಸ್ಕ್ಯಾನ್ ಆದ ದಿನದ್ದು. ಅದನ್ನೇ ಎಲ್ಲಕ್ಕೂ ಬರೆದಿಟ್ಟಿತ್ತು.

ಪರೀಕ್ಷೆಗೆ ಒಂದು ಚಿತ್ರ ಆರಿಸಿಕೊಂಡೆ. ಹಿಂದೆ ಪೆನ್ಸಿಲ್‌ನಲ್ಲಿ ‘ಅಕ್ಟೋಬರ್ 74’ ಎಂದಿದೆ. ದಿನ ಇಲ್ಲ, ಗಂಟೆಯಂತೂ ಇಲ್ಲವೇ ಇಲ್ಲ. ಫೋಟೊದ ಜೊತೆ ತಾರೀಖಿನಂಥ ಮಾಹಿತಿ ಬರೆದಿಡುವ ಪದ್ಧತಿಗಳು ಎಕ್ಸಿಫ್, ಐಪಿಟಿಸಿ, ಎಕ್ಸ್‌ಎಂಪಿ; ಇಡಿಟಿಎಫ್ ಅನ್ನುವುದು ತಾರೀಖನ್ನೇ ಬರೆಯುವ ಒಂದು ರೀತಿ. ‘ದಿನ ಗೊತ್ತಿಲ್ಲ’ ಅಂತ ಹೇಳಲು ಇವುಗಳಲ್ಲಿ ಯಾವುದರಲ್ಲಿ ಜಾಗ ಇದೆ? ನಾನು ನೋಡಿದ್ದು ಮುಖ್ಯವಾಗಿ ಅದನ್ನೇ.

ಕಂಪ್ಯೂಟರ್ ತೋರಿಸುವ ಫೈಲ್ ತಾರೀಖನ್ನು ಮೊದಲೇ ಬಿಟ್ಟೆ. ಒಂದು ಸಲ ಕಾಪಿ ಮಾಡಿದರೆ ಅದು ಬದಲಾಗಬಹುದು, ನಂಬುವ ಹಾಗಿಲ್ಲ.

ಎಕ್ಸಿಫ್ ಎಲ್ಲರಿಗೂ ಗೊತ್ತಿರುವುದು. ಕ್ಯಾಮೆರಾ, ಫೋನ್ ಎಲ್ಲವೂ ಬರೆಯುವುದು ಇದನ್ನೇ. ಇದರಲ್ಲಿ ಮೂರು ತಾರೀಖುಗಳಿವೆ: ಚಿತ್ರ ತೆಗೆದದ್ದು, ಡಿಜಿಟಲ್ ಆದದ್ದು, ಕೊನೆಗೆ ತಿದ್ದಿದ್ದು. ಸ್ಕ್ಯಾನ್ ಮಾಡುವವರಿಗೆ ಈ ವಿಂಗಡಣೆ ವರ ಅಂತಲೇ ಹೇಳಬೇಕು. ಆದರೆ ಪ್ರತಿ ತಾರೀಖೂ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ಎಂಬ ಕಟ್ಟುನಿಟ್ಟಾದ ಸಾಲಿನಲ್ಲೇ ಇರಬೇಕು. ತಾರೀಖು ಗೊತ್ತಿಲ್ಲದಿದ್ದರೆ ಅಂಕಿಗಳ ಜಾಗ ಖಾಲಿ ಬಿಡಿ ಅಂತ ನಿಯಮದಲ್ಲಿದೆ. ದಿನದ ಜಾಗ ಮಾತ್ರ ಖಾಲಿ ಬಿಟ್ಟು ನೋಡಿದೆ. ನಾನು ಬಳಸುವ ಒಂದು ಸಾಫ್ಟ್‌ವೇರ್ ‘ತಾರೀಖೇ ಇಲ್ಲ’ ಅಂದುಬಿಟ್ಟಿತು. ಸರಿ, 1974:10:00 ಅಂತ ಸೊನ್ನೆ ಹಾಕಿದೆ. ಇನ್ನೊಂದು ಸಾಫ್ಟ್‌ವೇರ್ ಅದನ್ನು ಸೆಪ್ಟೆಂಬರ್ 30 ಮಾಡಿತು! ಒಂದನೇ ತಾರೀಖಿನ ಹಿಂದಿನ ದಿನವೇ ಸೊನ್ನೆಯ ದಿನ ಅಂತ ಅದರ ಲೆಕ್ಕ. ಗಣಿತ ಸರಿ ಇದೆ, ತಾರೀಖು ಮಾತ್ರ ಸುಳ್ಳು.

ಟೈಮ್ ಝೋನ್ ವಿಷಯದಲ್ಲೂ ಎಕ್ಸಿಫ್ ತಡವಾಗಿ ಎಚ್ಚೆತ್ತಿತು. ಅದಕ್ಕಾಗಿ ಪ್ರತ್ಯೇಕ ಟ್ಯಾಗ್ ಬಂದದ್ದು 2016ರ 2.31 ಆವೃತ್ತಿಯಲ್ಲಿ. ಅದಕ್ಕಿಂತ ಹಿಂದಿನ ಪ್ರವಾಸದ ಚಿತ್ರಗಳಲ್ಲಿ ‘ಬೆಳಿಗ್ಗೆ 4 ಗಂಟೆ’ ಅಂತಿದ್ದರೆ ಅದು ಯಾವ ಊರಿನ 4 ಗಂಟೆ ಅಂತ ಫೈಲ್ ಹೇಳುವುದಿಲ್ಲ. ಜಿಪಿಎಸ್ ಮಾಹಿತಿ ಇದ್ದರೆ ಬದುಕಿದಿರಿ, ಅದರ ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ, ಇರುತ್ತದೆ.

ಐಪಿಟಿಸಿ ಅನ್ನುವುದು ಸುದ್ದಿ ಕ್ಷೇತ್ರಕ್ಕೆ ಮಾನಕ ರೂಪಿಸುವ ಸಂಸ್ಥೆ, ಅದರ ಪದ್ಧತಿಗೂ ಅದೇ ಹೆಸರು. ಅದರ ಹಳೇ ರೂಪ ಸುದ್ದಿ ಸಂಸ್ಥೆಗಳಿಗಾಗಿ ಹುಟ್ಟಿದ್ದು. ನನಗೆ ಆಶ್ಚರ್ಯ ಆಗಿದ್ದು ಇಲ್ಲೇ. ತಿಂಗಳು ಅಥವಾ ದಿನ ಗೊತ್ತಿಲ್ಲದಿದ್ದರೆ 00 ಹಾಕಿ ಅಂತ ಅದರ ನಿಯಮದಲ್ಲೇ ಬರೆದಿದೆ. ನನ್ನ ಚಿತ್ರಕ್ಕೆ 19741000 ಅಂದರೆ ಮುಗಿಯಿತು. ಮೇಲಾಗಿ ಅದು ಕೇಳುವುದು ಕಾಗದದ್ದೋ ಸ್ಕ್ಯಾನ್‌ದೋ ತಾರೀಖನ್ನಲ್ಲ, ಚಿತ್ರದೊಳಗಿನ ವಿಷಯ ಹುಟ್ಟಿದ ತಾರೀಖನ್ನು. ಆದರೆ ಈ ಹಳೇ ಬ್ಲಾಕನ್ನು ನನ್ನ ಫೋನಿನ ಗ್ಯಾಲರಿ ಕಣ್ಣೆತ್ತಿಯೂ ನೋಡಲಿಲ್ಲ. ಐಪಿಟಿಸಿಯವರೇ ತಮ್ಮ ಫೀಲ್ಡ್‌ಗಳನ್ನು ಎಕ್ಸ್‌ಎಂಪಿಗೆ ತಂದು ಬಹಳ ವರ್ಷ ಆಯಿತು.

ಎಕ್ಸ್‌ಎಂಪಿಯನ್ನು 2001ರಲ್ಲಿ ಅಡೋಬಿ ತಂದಿತು, 2012ರಲ್ಲಿ ಅದು ಐಎಸ್‌ಒ, ಅಂದರೆ ಅಂತರರಾಷ್ಟ್ರೀಯ, ಮಾನಕವೂ ಆಯಿತು. ಇದರಲ್ಲಿ ಬರೀ 1974 ಅಂತಲೂ ಬರೆಯಬಹುದು, 1974-10 ಅಂತಲೂ ಬರೆಯಬಹುದು. ಸೊನ್ನೆಯ ಆಟ ಇಲ್ಲ. ಗೊತ್ತಿದ್ದಷ್ಟು ಬರೆದು ನಿಲ್ಲಿಸಿದರೆ ಸಾಕು, ಎಷ್ಟು ಸುಲಭ ಅಲ್ವಾ? ಒಂದೇ ಕಿರಿಕಿರಿ: ಈ ಮಾಹಿತಿಯನ್ನು ಚಿತ್ರದ ಒಳಗಲ್ಲದೆ ಪಕ್ಕದಲ್ಲಿ ಬೇರೆ ಫೈಲಾಗಿ ಇಟ್ಟರೆ, ಫೋಲ್ಡರ್ ಬದಲಿಸುವಾಗ ಅದು ಹಿಂದೆ ಉಳಿದುಬಿಡಬಹುದು. ನಾನು ಒಮ್ಮೆ ಹೀಗೆ 40 ಚಿತ್ರಗಳ ತಾರೀಖು ಕಳೆದುಕೊಂಡೆ. ಈಗ ಜೆಪೆಗ್, ಟಿಫ್ ಎರಡರಲ್ಲೂ ಒಳಗೇ ಬರೆಯುತ್ತೇನೆ.

ಆದರೆ ‘ಸುಮಾರು’ ಅನ್ನುವ ಮಾತಿಗೆ ಎಕ್ಸ್‌ಎಂಪಿಯಲ್ಲೂ ಜಾಗ ಇಲ್ಲ. ಅದಕ್ಕೆ ಇಡಿಟಿಎಫ್ ಬೇಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮುಂದಾಳತ್ವದಲ್ಲಿ ಬೆಳೆದ ಇದು 2019ರಲ್ಲಿ ತಾರೀಖು ಬರೆಯುವ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 8601ರ ಎರಡನೇ ಭಾಗಕ್ಕೆ ಸೇರಿತು. 1974~ ಅಂದರೆ ಹೆಚ್ಚುಕಮ್ಮಿ ಆ ವರ್ಷ. 1974? ಅಂದರೆ ಆ ವರ್ಷವೇ ಅನ್ನುವುದು ಅನುಮಾನ. ಇವೆರಡು ಬೇರೆ ಬೇರೆ ಅನ್ನುವುದೇ ನನಗೆ ಖುಷಿ ಕೊಟ್ಟ ಸಂಗತಿ. [1974..1976] ಅಂದರೆ ಈ ವರ್ಷಗಳಲ್ಲಿ ಯಾವುದೋ ಒಂದು. ತಮ್ಮ ಎದ್ದು ನಿಂತಿದ್ದಾನೆ, ತಂಗಿ ಇನ್ನೂ ಹುಟ್ಟಿಲ್ಲ, ಹಾಗಾಗಿ ಈ ಮಧ್ಯದ್ದು ಅಂತ ಲೆಕ್ಕ ಹಾಕಿದ ಚಿತ್ರಗಳಿಗೆ ಇದಕ್ಕಿಂತ ಒಳ್ಳೆಯ ಬರಹ ಸಿಗಲಿಲ್ಲ. ತೊಂದರೆ ಏನೆಂದರೆ, ನನ್ನ ಹತ್ತಿರ ಇರುವ ಯಾವ ಫೋಟೊ ಸಾಫ್ಟ್‌ವೇರಿಗೂ ಇದು ಅರ್ಥವಾಗಲಿಲ್ಲ. ತಾರೀಖಿನ ಫೀಲ್ಡ್‌ಗೆ ತುರುಕುವುದು ಬೇಡ, ಕ್ಯಾಪ್ಶನ್‌ನಲ್ಲಿ ಇಡಿ.

ಕೊನೆಗೆ ನಾನು ಎಕ್ಸ್‌ಎಂಪಿಯ ಡೇಟ್ ಕ್ರಿಯೇಟೆಡ್‌ನಲ್ಲಿ 1974-10 ಬರೆದೆ. ಸ್ಕ್ಯಾನ್ ದಿನವನ್ನು ಎಕ್ಸಿಫ್‌ನ ಡಿಜಿಟಲ್ ತಾರೀಖಿಗೆ ತಳ್ಳಿದೆ. ಗ್ಯಾಲರಿಯಲ್ಲಿ ಸಾಲಾಗಿ ಬರಲಿ ಅಂತ ಎಕ್ಸಿಫ್‌ನ ಚಿತ್ರ ತೆಗೆದ ತಾರೀಖಿಗೆ ಅಕ್ಟೋಬರ್ 1 ಹಾಕಿ, ‘ದಿನ ಅಂದಾಜು’ ಅಂತ ಕೀವರ್ಡ್ ಸೇರಿಸಿದೆ. ಇದು ರಾಜಿ, ಒಪ್ಪುತ್ತೇನೆ. ಫೈಲಿನ ಹೆಸರೂ 1974-10 ಅಂತಲೇ ಶುರುವಾಗುತ್ತದೆ. ಮೆಸೇಜ್ ಆ್ಯಪ್‌ನಲ್ಲಿ ಕಳಿಸುವಾಗ ಒಳಗಿನ ಮಾಹಿತಿ ಅಳಿಸಿ ಹೋಗುವುದು ಜಾಸ್ತಿ. ಮೂಲ ಫೈಲಿನ ಹೆಸರಾದರೂ ಉಳಿದಿರಲಿ ಅಂತ.

ಫೋಟೊದ ಒಳಗಿನ ಮಾಹಿತಿ ಓದಿ ತಿದ್ದುವ ಎಕ್ಸಿಫ್‌ಟೂಲ್ ಎಂಬ ಸಾಫ್ಟ್‌ವೇರ್ ಇದ್ದರೆ ಇದೆಲ್ಲ ಒಂದೇ ಕಮಾಂಡ್‌ನ ಕೆಲಸ. ಆದರೆ ಇಡೀ ಫೋಲ್ಡರ್‌ಗೆ ಕೈ ಹಾಕುವ ಮೊದಲು ಒಂದು ಚಿತ್ರದ ಕಾಪಿ ಮಾಡಿ, ದಿನ ಇಲ್ಲದ ತಾರೀಖು ಬರೆದು, ನಿಮ್ಮ ಗ್ಯಾಲರಿಯಲ್ಲಿ ತೆರೆದು ನೋಡಿ. ಸೆಪ್ಟೆಂಬರ್ 30 ಬಂದರೆ ಅಲ್ಲಿಗೇ ನಿಲ್ಲಿಸಿ.