ಬೆಂಗಳೂರಿನ ತಾರಸಿಗೆ ಮೋಟರ್ ಡಿಶ್: ಕೊಳ್ಳುವ ಮುನ್ನ ಮತ್ತು ಕೂರಿಸುವಾಗ

90 ಸೆಂ.ಮೀ. ಆಫ್‌ಸೆಟ್ ಡಿಶ್, ಅದರ ಬೆನ್ನಿಗೆ ಡೈಸೆಕ್ 1.2 ಮೋಟರ್ (ಬಾಕ್ಸ್ ಕೇಬಲ್ಲಿನಲ್ಲೇ ಕಳಿಸುವ ಆದೇಶಕ್ಕೆ ತಿರುಗಿ, ಜಾಗಗಳನ್ನು ನೆನಪಿಟ್ಟುಕೊಳ್ಳುವಂಥದ್ದು), ಕೆಳಗೆ ಯುಸಾಲ್ಸ್ (ನಮ್ಮ ಸ್ಥಳ ಕೊಟ್ಟರೆ ಪ್ರತಿ ಉಪಗ್ರಹಕ್ಕೆ ಮೋಟರ್ ಎಷ್ಟು ತಿರುಗಬೇಕೆಂದು ತಾನೇ ಲೆಕ್ಕ ಹಾಕುವ ಸೌಲಭ್ಯ) ಇರುವ ಫ್ರೀ-ಟು-ಏರ್, ಅಂದರೆ ಚಂದಾ ಇಲ್ಲದ ಚಾನೆಲ್ಲುಗಳ, ಬಾಕ್ಸ್. ಅಂಗಡಿಯಲ್ಲಿ ಸಿಗುವ ಈ ಜೋಡಿಯ ಬಗ್ಗೆ ಹೆಚ್ಚಿನ ದೂರುಗಳೆಲ್ಲ ಒಂದೇ ಬಗೆಯವು: ಒಂದೆರಡು ಉಪಗ್ರಹ ಚೆನ್ನಾಗಿ ಸಿಗುತ್ತವೆ, ಉಳಿದವು ಸಿಗುವುದೇ ಇಲ್ಲ, ಮೋಟರ್ ಕೆಟ್ಟಿದೆ. ಮೋಟರ್ ಕೆಟ್ಟಿರುವುದು ಅಪರೂಪ. ಈ ಮೋಟರುಗಳ ಗೇರು ಗಟ್ಟಿ, ಕೆಲಸ ಸರಳ. ಹಾಳು ಮಾಡುವುದು ಕೂರಿಸುವ ರೀತಿ. ಅದರಲ್ಲೂ ಬೆಂಗಳೂರಿನ ಅಕ್ಷಾಂಶದಲ್ಲಿ ಒಂದು ತಪ್ಪು ತನ್ನನ್ನು ತಾನೇ ಮುಚ್ಚಿಟ್ಟುಕೊಳ್ಳುತ್ತದೆ. ಯುರೋಪಿಗಾಗಿ ಬರೆದ ಕೈಪಿಡಿಗಳು ಅದನ್ನು ಹೇಳುವುದಿಲ್ಲ.

ಮೊದಲು ಬೇಕೇ ಎಂಬ ಪ್ರಶ್ನೆ. ಡಿಡಿ ಫ್ರೀ ಡಿಶ್ ಒಂದೇ ಸಾಕು ಎನ್ನುವವರಿಗೆ ಮೋಟರ್ ಬೇಡ. 60 ಸೆಂ.ಮೀ. ಡಿಶ್ಶನ್ನು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ಕ್ಕೆ ತಿರುಗಿಸಿ ನಟ್ಟು ಬಿಗಿದರೆ ಮುಗಿಯಿತು. ಎರಡು ಅಕ್ಕಪಕ್ಕದ ಉಪಗ್ರಹ ಬೇಕಿದ್ದರೆ ಒಂದೇ ಡಿಶ್ಶಿಗೆ ಎರಡು ಎಲ್‌ಎನ್‌ಬಿ (ಡಿಶ್ಶಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ಹಾಕುವುದು ಅಗ್ಗ, ಚಾನೆಲ್ ಬದಲಿಸುವಾಗ ಕಾಯುವ ಕೆಲಸವೂ ಇಲ್ಲ. ಆಕಾಶದಲ್ಲಿ ಏನೇನಿದೆ ಎಂದು ಹುಡುಕುವ ಆಸಕ್ತಿ ಇರುವವರಿಗೆ ಮಾತ್ರ ಮೋಟರ್ ಸಾರ್ಥಕ. ಇನ್ನು 6 ಅಡಿ, 8 ಅಡಿಯ ಸಿ-ಬ್ಯಾಂಡ್ ಡಿಶ್ಶನ್ನು ಈ ಮೋಟರಿಗೆ ಹೇರಲೇಬೇಡಿ. ಇವು 90ರಿಂದ 120 ಸೆಂ.ಮೀ. ಡಿಶ್ಶಿಗೆ ಮಾಡಿದವು. ದೊಡ್ಡ ಡಿಶ್ಶಿಗೆ 36 ವೋಲ್ಟಿನ ಆಕ್ಚುಯೇಟರ್ (ಚಾಚಿ ಮಡಚುವ ಮೋಟರ್ ತೋಳು) ಬೇರೆಯೇ ಇದೆ.

ಕೊಳ್ಳುವಾಗ ಪೆಟ್ಟಿಗೆ ತೆರೆಸಿ ಎರಡು ಅಳತೆಪಟ್ಟಿ ನೋಡಿ. ಒಂದು, ಮೋಟರಿನ ಅಕ್ಷಾಂಶದ ಪಟ್ಟಿ 13 ಡಿಗ್ರಿಯವರೆಗೆ ಇಳಿಯುತ್ತದೆಯೇ. ಕೆಲವು ಮೋಟರಿನಲ್ಲಿ ಅಕ್ಷಾಂಶ ಒಂದು ಬದಿ, ಎಲಿವೇಶನ್ (ಎತ್ತರದ ಕೋನ) ಇನ್ನೊಂದು ಬದಿ ಇರುತ್ತದೆ. ಅಕ್ಷಾಂಶದಲ್ಲಿ 13 ಎಂದರೆ ಎಲಿವೇಶನ್ನಿನಲ್ಲಿ 77, ಎರಡೂ ಒಂದೇ ಜಾಗ. ಎರಡು, ಡಿಶ್ಶಿನ ಬ್ರಾಕೆಟ್ಟು 28 ಡಿಗ್ರಿಯ ಹತ್ತಿರಕ್ಕೆ ಬರುತ್ತದೆಯೇ. ಇಲ್ಲೇ ಹೆಚ್ಚಿನವರು ಎಡವುವುದು. ಬೆಂಗಳೂರಿನಿಂದ ನೇರ ದಕ್ಷಿಣದ ಉಪಗ್ರಹ 74.7 ಡಿಗ್ರಿ ಎತ್ತರದಲ್ಲಿರುತ್ತದೆ ಎಂದು ಲೆಕ್ಕ ಹಾಕಿ ಡಿಶ್ಶಿನ ಪಟ್ಟಿಯನ್ನೂ 75ಕ್ಕೆ ಇಡುತ್ತಾರೆ. ಆದರೆ ಡಿಶ್ ಈಗ ನೆಟ್ಟಗಿನ ಪೈಪಿನ ಮೇಲಿಲ್ಲ, ಮೋಟರಿನ ಬಾಗಿದ ಕೊಳವೆಯ ಮೇಲಿದೆ. ಆ ಕೊಳವೆಯ ಬಾಗಿನಿಂದ 2.3 ಡಿಗ್ರಿ ಕಳೆದರೆ ಬರುವುದೇ ಡಿಶ್ಶಿನ ಪಟ್ಟಿಯಲ್ಲಿ ಇಡಬೇಕಾದ ಅಂಕಿ. ಬಾಗು 30 ಇದ್ದರೆ 27.7, 40 ಇದ್ದರೆ 37.7. ಬಾಗು ಎಷ್ಟೆಂದು ಮೋಟರಿನ ಕೈಪಿಡಿಯಲ್ಲಿರುತ್ತದೆ. ಆ 2.3 ಬೆಂಗಳೂರಿನ ಅಕ್ಷಾಂಶದಿಂದ ಬಂದದ್ದು. ಊರು ಬದಲಾದರೆ ಅದೂ ಬದಲಾಗುತ್ತದೆ, ಬೆಳಗಾವಿಯವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಬೇಕು.

ಪೈಪು 2 ಇಂಚಿನ ಹೆವಿ ಜಿ.ಐ. ಇರಲಿ. ತೆಳು ಪೈಪು ಗಾಳಿಗೆ ತಿರುಚುತ್ತದೆ. ಕೂರಿಸಿದ ಮೇಲೆ ರಸಮಟ್ಟವನ್ನು ಒಂದು ಬದಿಗೆ ಹಿಡಿದು ನೋಡಿದರೆ ಸಾಲದು, 90 ಡಿಗ್ರಿ ಸುತ್ತಿ ಇನ್ನೊಂದು ಬದಿಗೂ ಹಿಡಿಯಬೇಕು. ಪೈಪು ಉತ್ತರ-ದಕ್ಷಿಣಕ್ಕೆ 1 ಡಿಗ್ರಿ ವಾಲಿದ್ದರೆ ಅದು ನೇರವಾಗಿ ಅಕ್ಷಾಂಶದ ತಪ್ಪಾಗುತ್ತದೆ. ಪೂರ್ವ-ಪಶ್ಚಿಮಕ್ಕೆ ವಾಲಿದ್ದರೆ ಆ ತಪ್ಪು ಬಹುಪಾಲು ಮೋಟರಿನ ಕೋನದಲ್ಲಿ ಸೇರಿಹೋಗುತ್ತದೆ, ಏಕೆಂದರೆ ನಮ್ಮಲ್ಲಿ ಮೋಟರಿನ ಅಕ್ಷ ಬಹುತೇಕ ಮಲಗಿಯೇ ಇರುತ್ತದೆ. ಹಾಗಾಗಿ ಯುಸಾಲ್ಸ್ ತೋರಿಸುವ ಪ್ರತಿ ಉಪಗ್ರಹವೂ ಒಂದೇ ಬದಿಗೆ ಹೆಚ್ಚುಕಡಿಮೆ ಅಷ್ಟೇ ತಪ್ಪಿದರೆ ಎಲಿವೇಶನ್ ಮುಟ್ಟಬೇಡಿ. ಪೈಪಿನ ವಾಲು, ಕೊಳವೆಯ ಮೇಲೆ ಡಿಶ್ ಸೊಟ್ಟ ಕೂತಿರುವುದು, ಅಥವಾ ಮೋಟರಿನ ಸೊನ್ನೆ ಗುರುತು, ಈ ಮೂರರಲ್ಲಿ ಒಂದು ಕಾರಣ.

ದಕ್ಷಿಣ ಹುಡುಕಲು ಫೋನಿನ ದಿಕ್ಸೂಚಿಯನ್ನು ನಂಬಬಾರದು. ಕಾಂಕ್ರೀಟಿನ ಕಂಬಿ, ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡು, ಸ್ವತಃ ಪೈಪು, ಎಲ್ಲವೂ ಮುಳ್ಳನ್ನು ಎಳೆಯುತ್ತವೆ. ನೆರಳು ಹೆಚ್ಚು ಪ್ರಾಮಾಣಿಕ. ಪತ್ರಿಕೆಯಲ್ಲೋ ಪಂಚಾಂಗದಲ್ಲೋ ಆ ದಿನದ ಸೂರ್ಯೋದಯ, ಸೂರ್ಯಾಸ್ತ ನೋಡಿ ಸರಿ ನಡುವಿನ ಹೊತ್ತು ಕಂಡುಕೊಳ್ಳಿ. ಬೆಂಗಳೂರಿನಲ್ಲಿ ಅದು ನವೆಂಬರ್ ಆರಂಭದಲ್ಲಿ 12:04ರ ಸುಮಾರಿಗೆ, ಫೆಬ್ರವರಿ ನಡುವೆ 12:34ರ ಸುಮಾರಿಗೆ ಬರುತ್ತದೆ. ಆ ಕ್ಷಣ ನೆಟ್ಟಗಿನ ಪೈಪಿನ ನೆರಳು ಬೀಳುವ ಗೆರೆಯೇ ಉತ್ತರ-ದಕ್ಷಿಣ. ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟುಕೊಳ್ಳಿ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಬರುವ ಶೂನ್ಯ ನೆರಳಿನ ದಿನಗಳ (ಸೂರ್ಯ ಸರಿ ನೆತ್ತಿಯ ಮೇಲೆ ಬರುವ ದಿನಗಳ) ಆಸುಪಾಸಿನಲ್ಲಿ ಈ ಉಪಾಯ ನಡೆಯುವುದಿಲ್ಲ.

ಈಗ ಮುಖ್ಯ ತಲೆನೋವು. ಮನೆಮನೆಗೆ ಬರುವ ಡಿಟಿಎಚ್ ಸಿಗ್ನಲ್ಲುಗಳೇ ಡಿಶ್ ಹೊಂದಿಸಲು ಅತ್ಯುತ್ತಮ ಗುರುತು: 83 ಡಿಗ್ರಿ ಪೂರ್ವದಲ್ಲಿ ಟಾಟಾ ಪ್ಲೇ, 88ರಲ್ಲಿ ಡಿ2ಎಚ್, 93.5ರಲ್ಲಿ ಫ್ರೀ ಡಿಶ್, 95ರಲ್ಲಿ ಡಿಶ್ ಟಿವಿ, 108.2ರಲ್ಲಿ ಏರ್‌ಟೆಲ್. ಚಾನೆಲ್ಲಿಗೆ ಬೀಗ ಹಾಕಿದ್ದರೂ ಬಾಕ್ಸ್ ಪರದೆಯ ಮೇಲೆ ತೋರಿಸುವ ಕ್ವಾಲಿಟಿ ಪಟ್ಟಿ ಏರುತ್ತದೆ, ಅದಕ್ಕೆ ಚಂದಾ ಬೇಕಿಲ್ಲ. ಆದರೆ ಬೆಂಗಳೂರು ಇರುವುದು 77.6 ಡಿಗ್ರಿ ರೇಖಾಂಶದಲ್ಲಿ. ಈ ಐದೂ ಪೂರ್ವದ ಕಡೆಗೇ ಇವೆ. ಪೂರ್ವದ ತುದಿ, ಪಶ್ಚಿಮದ ತುದಿ ಎರಡನ್ನೂ ಹೋಲಿಸಿ ತಿದ್ದಿಕೊಳ್ಳಿ ಎಂಬ ಎಲ್ಲ ಕೈಪಿಡಿಗಳ ಸಲಹೆ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ.

ತಪ್ಪು ಮುಚ್ಚಿಕೊಳ್ಳುವುದೂ ಇಲ್ಲೇ. ಇಡೀ ಮೋಟರ್ ಪೈಪಿನ ಮೇಲೆ 2 ಡಿಗ್ರಿ ತಿರುಗಿ ಕೂತಿದೆ ಎನ್ನಿ. 83ರ ಉಪಗ್ರಹ 73 ಡಿಗ್ರಿಗೂ ಹೆಚ್ಚು ಎತ್ತರದಲ್ಲಿ, ಬಹುತೇಕ ನೆತ್ತಿಯ ಮೇಲಿದೆ. ಅಲ್ಲಿ ಈ ತಿರುವು ಡಿಶ್ಶಿನ ದೃಷ್ಟಿಯನ್ನು, ಉಪಗ್ರಹಗಳೆಲ್ಲ ಆಕಾಶದಲ್ಲಿ ಸಾಲಾಗಿ ನಿಂತಿರುವ ಕಮಾನಿನಿಂದ ಪಕ್ಕಕ್ಕೆ ಸರಿಸುವುದು ಬರೀ 0.2 ಡಿಗ್ರಿ. ಕ್ವಾಲಿಟಿ ಕದಲುವುದಿಲ್ಲ, ಎಲ್ಲ ಸರಿಯಿದೆ ಎನಿಸುತ್ತದೆ. ಅದೇ ತಿರುವು 108.2ರಲ್ಲಿ 1.1 ಡಿಗ್ರಿ ತಪ್ಪಿಸುತ್ತದೆ. 90 ಸೆಂ.ಮೀ. ಡಿಶ್ಶಿನ ಕಿರಣದ ಅಗಲ ಸುಮಾರು 2 ಡಿಗ್ರಿ, ಅಂದರೆ ನಡುವಿನಿಂದ ಒಂದೊಂದು ಬದಿಗೆ 1 ಡಿಗ್ರಿ. 1.1 ಸರಿದರೆ ಸಿಗ್ನಲ್ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಆಗ ಎಲಿವೇಶನ್ ತಿರುವಿ 108.2ನ್ನು ಸರಿ ಮಾಡುತ್ತಾರೆ, 83 ಹೋಗುತ್ತದೆ. ಮತ್ತೆ 83 ಸರಿ ಮಾಡಿದರೆ 108.2 ಹೋಗುತ್ತದೆ. ಇಡೀ ದಿನ ಹೀಗೇ ಕಳೆಯುವವರಿದ್ದಾರೆ.

ಕೆಲಸ ಮಾಡುವ ಕ್ರಮ ಇಷ್ಟು. ಮೋಟರಿನ ಅಕ್ಷಾಂಶದ ಪಟ್ಟಿಯನ್ನು 13ಕ್ಕೆ, ಡಿಶ್ಶಿನ ಪಟ್ಟಿಯನ್ನು ಮೇಲೆ ಹೇಳಿದ ಅಂಕಿಗೆ ಇಡಿ. ಬಾಕ್ಸಿನಲ್ಲಿ ಸ್ಥಳ 13.0 ಉತ್ತರ, 77.6 ಪೂರ್ವ ಎಂದು ಕೊಡಿ. ಎಲ್‌ಎನ್‌ಬಿ ಯೂನಿವರ್ಸಲ್, 9750/10600. ಮೋಟರನ್ನು ಸೊನ್ನೆಗೆ ಕಳಿಸಿ, ಕಣ್ಣಿನಿಂದಲೂ ಗುರುತು ನೋಡಿ. ಡಿಶ್ಶಿನ ನಡುಗೆರೆ ಕೊಳವೆಗೆ ನೇರ ಇರಲಿ, ಎಲ್‌ಎನ್‌ಬಿ ಸೊಟ್ಟ ತಿರುಗಿಸದೆ ನೇರ ಇರಲಿ. ಡಿಶ್ಶೇ ತಿರುಗುವುದರಿಂದ ಸ್ಥಿರ ಡಿಶ್ಶಿಗೆ ಕೊಡುವ ಓರೆ ಇಲ್ಲಿ ಬೇಡ. ಸೀಮೆಸುಣ್ಣದ ಗೆರೆಗೆ ಇಡೀ ಜೋಡಣೆಯನ್ನು ದಕ್ಷಿಣಕ್ಕೆ ತಿರುಗಿಸಿ ಅರೆಬಿಗಿ ಮಾಡಿ. ಯುಸಾಲ್ಸ್‌ನಲ್ಲಿ 83ಕ್ಕೆ ಹೋಗಿ. ಮೋಟರ್ ಸೊನ್ನೆಯಿಂದ ಪೂರ್ವಕ್ಕೆ 6.3 ಡಿಗ್ರಿ ತಿರುಗಬೇಕು. ಪಶ್ಚಿಮಕ್ಕೆ ತಿರುಗಿದರೆ ಬಾಕ್ಸಿನಲ್ಲಿ ಪೂರ್ವ-ಪಶ್ಚಿಮ ಅದಲುಬದಲಾಗಿದೆ. ಇಲ್ಲಿ ಡಿಶ್ಶಿನ ಎಲಿವೇಶನ್ ಮಾತ್ರ ತಿದ್ದಿ ಕ್ವಾಲಿಟಿಯನ್ನು ಗರಿಷ್ಠಕ್ಕೆ ತನ್ನಿ, ಬಿಗಿಯಿರಿ. 108.2 ಸರಿಯಾಗುವವರೆಗೆ ಅದನ್ನು ಮುಟ್ಟುವಂತಿಲ್ಲ.

ನಂತರ 108.2, ಮೋಟರ್ 35.5 ಡಿಗ್ರಿಗೆ. ಡಿಶ್ ಈಗ ಓರೆಯಾಗಿ ವಾಲಿರುತ್ತದೆ. ಅದರ ಮೇಲಂಚು ಎಂದರೆ ಆಕಾಶದ ಕಡೆಯ ಅಂಚಲ್ಲ, ಎಲ್‌ಎನ್‌ಬಿ ತೋಳಿನ ಎದುರಿನ ಅಂಚು. ಆ ಅಂಚನ್ನು ಬೆರಳಿನಿಂದ ಸ್ವಲ್ಪವೇ ಮುಂದಕ್ಕೆ ಒತ್ತಿ, ನಂತರ ಹಿಂದಕ್ಕೆ ಎಳೆಯಿರಿ. ಮುಂದಕ್ಕೆ ಒತ್ತಿದಾಗ ಕ್ವಾಲಿಟಿ ಏರಿದರೆ ಜೋಡಣೆ ಪೂರ್ವಕ್ಕೆ ಹೆಚ್ಚು ತಿರುಗಿದೆ, ಪೈಪಿನ ಮೇಲೆ ಇಡೀ ಮೋಟರನ್ನು ಕೂದಲೆಳೆಯಷ್ಟು ಪಶ್ಚಿಮಕ್ಕೆ ತಿರುಗಿಸಿ. ಹಿಂದಕ್ಕೆ ಎಳೆದಾಗ ಏರಿದರೆ ಪೂರ್ವಕ್ಕೆ. ಎರಡೂ ಕಡೆಗೆ ಸಮನಾಗಿ ಇಳಿಯುವವರೆಗೆ ಹೀಗೆ ಮಾಡಿ, ಮತ್ತೆ 83ಕ್ಕೆ ಬಂದು ನೋಡಿ. ಸಾಮಾನ್ಯವಾಗಿ 83ರಲ್ಲಿ ಅತಿ ಚಿಕ್ಕ ಎಲಿವೇಶನ್ ತಿದ್ದುಪಡಿ ಸಾಕು. ಪೂರ್ವದಲ್ಲಿ ಅಕ್ಷ ಸರಿ ಕೂತರೆ ಪಶ್ಚಿಮದ ಕಮಾನು ತಾನಾಗಿ ಸರಿಯಾಗುತ್ತದೆ, ಅದನ್ನು ಬೇರೆ ಹೊಂದಿಸಬೇಕಿಲ್ಲ.

93.5ಕ್ಕೆ ಬಂದಾಗ ಎಚ್ಚರ. ಅದರ ಪಕ್ಕದ 95 ಮೋಟರಿನ ಲೆಕ್ಕದಲ್ಲಿ ಕೇವಲ 1.7 ಡಿಗ್ರಿ ದೂರ. ಸ್ಟ್ರೆಂತ್ 80 ತೋರಿಸಿ ಕ್ವಾಲಿಟಿ ಸೊನ್ನೆ ಇದ್ದರೆ ಪಕ್ಕದ ಉಪಗ್ರಹದ ಮೇಲೆ ಕೂತಿರುವ ಸಾಧ್ಯತೆ ಇದೆ. ಬ್ಲೈಂಡ್ ಸ್ಕ್ಯಾನ್ (ಸಿಗುವ ಚಾನೆಲ್ಲುಗಳನ್ನೆಲ್ಲ ಬಾಕ್ಸೇ ಹುಡುಕುವುದು) ಮಾಡಿ ಬರುವ ಚಾನೆಲ್ ಹೆಸರು ನೋಡಿದರೆ ಗೊತ್ತಾಗುತ್ತದೆ. ಡಿಶ್ ಹೊಂದಿಸುವ ಕೆಲಸಕ್ಕೆ ಸ್ಟ್ರೆಂತ್ ಪಟ್ಟಿಯನ್ನು ಬಳಸಲೇಬೇಡಿ.

ಮೋಟರ್ ಅರ್ಧದಲ್ಲಿ ನಿಂತರೆ, ಅಥವಾ ಪರದೆಯ ಮೇಲೆ ಎಲ್‌ಎನ್‌ಬಿ ಶಾರ್ಟ್ ಎಂದು ಬಂದರೆ ಕೇಬಲ್ ಅನುಮಾನಿಸಿ. ಬಾಕ್ಸ್ ಕೊಡುವುದು ಸಾಮಾನ್ಯವಾಗಿ 400ರಿಂದ 500 ಮಿಲಿಆಂಪಿಯರ್. ಎಲ್‌ಎನ್‌ಬಿ ಒಂದು ಪಾಲು ತಿಂದ ಮೇಲೆ ಉಳಿದದ್ದರಲ್ಲಿ ಮೋಟರ್ ತಿರುಗಬೇಕು. ಅಗ್ಗದ ಆರ್‌ಜಿ-6 ಕೇಬಲ್ಲಿನ ನಡುತಂತಿ ತಾಮ್ರ ಸವರಿದ ಉಕ್ಕು. ಅದರ ಪ್ರತಿರೋಧ ಶುದ್ಧ ತಾಮ್ರದ ನಾಲ್ಕೈದು ಪಟ್ಟು. ಟಿವಿ ಸಿಗ್ನಲ್ಲಿಗೆ ಅದರಿಂದ ತೊಂದರೆಯಿಲ್ಲ, ಮೋಟರಿಗೆ ವೋಲ್ಟೇಜ್ ತಲುಪುವುದಿಲ್ಲ. 30 ಮೀಟರಿನೊಳಗೆ ಶುದ್ಧ ತಾಮ್ರದ ಕೇಬಲ್ ಎಳೆಯಿರಿ, ನಡುವೆ ಸ್ಪ್ಲಿಟರ್ ಬೇಡ, ಬಾಕ್ಸಿನಿಂದ ಬಂದದ್ದು ಮೋಟರಿನ ರಿಸೀವರ್ ತೂತಿಗೇ ಹೋಗಲಿ. 18 ವೋಲ್ಟಿನಲ್ಲಿ ಮೋಟರ್ ವೇಗವಾಗಿಯೂ 13ರಲ್ಲಿ ನಿಧಾನವಾಗಿಯೂ ತಿರುಗುವುದು ದೋಷವಲ್ಲ.

ಕಮಾನು ಪೂರ್ತಿ ಸರಿಯಾಗುವ ಮುನ್ನ ಒಂದೊಂದು ಉಪಗ್ರಹದ ಜಾಗವನ್ನು ಡೈಸೆಕ್ 1.2ರಲ್ಲಿ ತಿದ್ದಿ ಉಳಿಸಬೇಡಿ. ಹಾಗೆ ಮಾಡಿದರೆ ಮೂಲ ತಪ್ಪು ಎಲ್ಲಿದೆ ಎಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಕೊನೆಗೆ ಮಳೆಗಾಲದ ಸಿದ್ಧತೆ. ಎಫ್ ಕನೆಕ್ಟರುಗಳಿಗೆ ತಾನೇ ಅಂಟುವ ರಬ್ಬರ್ ಟೇಪ್ ಸುತ್ತಿ, ಮೋಟರಿನ ಬಳಿ ಕೇಬಲ್ ಕೆಳಕ್ಕೆ ಒಂದು ಸುತ್ತು ಜೋತಿರಲಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಡಿಶ್ ಪೂರ್ತಿ ತಿರುಗಿದಾಗ ಎಳೆತವೂ ಇರುವುದಿಲ್ಲ. ಎಲ್ಲ ಬಿಗಿದ ಮೇಲೆ ಪೈಪು ಮತ್ತು ಕ್ಲಾಂಪು ಸೇರುವಲ್ಲಿ, ಕೊಳವೆ ಮತ್ತು ಡಿಶ್ ಸೇರುವಲ್ಲಿ ಬಣ್ಣದಿಂದ ಅಡ್ಡಗೆರೆ ಎಳೆಯಿರಿ. ಮುಂಗಾರಿನ ಮೊದಲ ಜೋರು ಗಾಳಿಯ ನಂತರ 108.2 ಒಂದೇ ಹೋದರೆ ಪೈಪಿನ ಗೆರೆ ನೋಡಿ, ಎಲ್ಲವೂ ಒಟ್ಟಿಗೆ ಹೋದರೆ ಕೊಳವೆಯ ಗೆರೆ ನೋಡಿ.