ಪ್ಲಿಕರ್ಸ್ ಕಾರ್ಡ್: ಡಿಗ್ರಿ ಕ್ಲಾಸಿನಲ್ಲಿ ಕೆಲವು ಸೆಮಿಸ್ಟರ್ ಬಳಸಿದ ಮೇಲೆ

ಬಿಎಸ್ಸಿ ಫಿಸಿಕ್ಸ್ ಕ್ಲಾಸಿನಲ್ಲಿ ಪ್ಲಿಕರ್ಸ್ ಬಳಸಲು ಶುರು ಮಾಡಿ ಕೆಲವು ಸೆಮಿಸ್ಟರ್ ಆಯಿತು. ಪ್ರಶ್ನೆ ಕೇಳಿ ಇಡೀ ಕ್ಲಾಸಿನ ಉತ್ತರ ಒಟ್ಟಿಗೆ ನೋಡುವ ಆ್ಯಪ್ ಇದು. ಇದಕ್ಕೆ ವಿದ್ಯಾರ್ಥಿಗಳ ಕೈಯಲ್ಲಿ ಮೊಬೈಲ್ ಬೇಡ. ಒಬ್ಬೊಬ್ಬರಿಗೂ ಕಪ್ಪು ಗುರುತಿನ ಒಂದು ಕಾಗದದ ಕಾರ್ಡ್. ನಾಲ್ಕು ಬದಿಗೆ ಎ, ಬಿ, ಸಿ, ಡಿ. ತಮ್ಮ ಉತ್ತರ ಮೇಲೆ ಬರುವ ಹಾಗೆ ತಿರುಗಿಸಿ ಹಿಡಿದರೆ ನನ್ನ ಫೋನಿನ ಕ್ಯಾಮೆರಾ ಓದಿಕೊಳ್ಳುತ್ತದೆ.

ಮೊದಲ ಸಲ ಹಂಚಿದಾಗ ಕೊನೆ ಬೆಂಚಿನಿಂದ "ಇದೇನ್ ಮೇಡಂ, ಪ್ರೈಮರಿ ಸ್ಕೂಲಾ?" ಅಂತ ಬಂತು. ನೋಡೋಕೆ ಹಾಗೇ ಇದೆ ಬಿಡಿ. ಆದರೆ ಅಕ್ಷರ ತೀರಾ ಸಣ್ಣದು, ಗುರುತು ಒಂದೊಂದು ಕಾರ್ಡಿಗೂ ಬೇರೆ. ಪಕ್ಕದವರು ಬಗ್ಗಿ ನೋಡಿದರೂ ಕಾಪಿ ಹೊಡೆಯೋದು ಕಷ್ಟ. ಪರದೆ ಮೇಲೆ ಬರೀ ಗ್ರಾಫ್ ತೋರಿಸಬಹುದು, ಯಾರದು ತಪ್ಪು ಅನ್ನೋದು ನನ್ನ ಫೋನಿನಲ್ಲಷ್ಟೇ. ನಮ್ಮ ಹುಡುಗರು ಒಪ್ಪಿಕೊಂಡಿದ್ದು ಇದಕ್ಕೇ. "ಡೌಟ್ ಇದೆಯಾ?" ಅಂದರೆ ತಲೆ ತಗ್ಗಿಸುವವರೂ ಕಾರ್ಡ್ ಎತ್ತುತ್ತಾರೆ.

ಒಂದು ಪ್ರಶ್ನೆ ನೋಡಿ. ಚೆಂಡನ್ನು ನೇರ ಮೇಲಕ್ಕೆ ಎಸೆದಿದ್ದೀರಿ. ತುತ್ತತುದಿಯಲ್ಲಿ ಅದರ ವೇಗೋತ್ಕರ್ಷ ಎಷ್ಟು? ಪಿಯುಸಿಯಲ್ಲೇ ಓದಿರುತ್ತಾರೆ, ಆದರೂ ಅರ್ಧ ಕ್ಲಾಸು ಸೊನ್ನೆ ಅನ್ನುತ್ತದೆ. ವೇಗ ಸೊನ್ನೆಯಾದರೆ ಗುರುತ್ವ ಎಲ್ಲಿಗೆ ಹೋಯ್ತು? ಅದರ 9.8 ಮೀ/ಸೆ² ಹಾಗೇ ಇರುತ್ತದೆ ಅಲ್ವಾ? ಆಗ ನಾನು ಉತ್ತರ ಹೇಳುವುದಿಲ್ಲ. ಪಕ್ಕದವರ ಜೊತೆ ವಾದ ಮಾಡಿ ಅಂತ ಬಿಟ್ಟು, ಮತ್ತೆ ಕಾರ್ಡ್ ಎತ್ತಿಸುತ್ತೇನೆ. ಹಾರ್ವರ್ಡ್‌ನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ವಿಧಾನ ಇದು. ಆ ಎರಡು ನಿಮಿಷ ಕ್ಲಾಸು ಸಂತೆಯಾಗುತ್ತದೆ. ಪ್ರಿನ್ಸಿಪಾಲರು ಬಂದು ಇಣುಕಿದ್ದೂ ಇದೆ.

ವಿದ್ಯಾರ್ಥಿಗಳೇ ಮೊಬೈಲ್‌ನಲ್ಲಿ ಉತ್ತರ ಒತ್ತುವ ಕೆಲವು ಕ್ವಿಜ್ ಆ್ಯಪ್‌ಗಳಲ್ಲಿ ಬೇಗ ಸರಿ ಉತ್ತರ ಒತ್ತಿದವರಿಗೆ ಜಾಸ್ತಿ ಪಾಯಿಂಟ್. ಮಜಾ ಇರುತ್ತದೆ ನಿಜ, ಯೋಚನೆ ಮಾಡುವವರು ಮಾತ್ರ ಹಿಂದೆ ಬೀಳುತ್ತಾರೆ. ಡೇಟಾ ಖಾಲಿ, ಚಾರ್ಜ್ ಇಲ್ಲ ಅನ್ನೋ ನೆಪ ಬೇರೆ.

ಸಹೋದ್ಯೋಗಿಯೊಬ್ಬರು ಕಾರ್ಡನ್ನು ಇಂಟರ್ನಲ್ಸ್ ಅಂಕಕ್ಕೆ ಸೇರಿಸಿದರು. ಸ್ವಲ್ಪ ದಿನಕ್ಕೇ ಒಬ್ಬ ಹುಡುಗ ಎರಡು ಕೈಯಲ್ಲಿ ಎರಡು ಕಾರ್ಡ್ ಹಿಡಿದು ಕೂತಿದ್ದ. ಒಂದು ತನ್ನದು, ಇನ್ನೊಂದು ಬಂಕ್ ಹೊಡೆದ ಗೆಳೆಯನದು! ಉಳಿದವರೂ ಉತ್ತರ ಪಿಸುಗುಟ್ಟಿಕೊಂಡೇ ಕಾರ್ಡ್ ತಿರುಗಿಸತೊಡಗಿದರು. ಬಳಸುವುದಾದರೆ ದಯವಿಟ್ಟು ಅಂಕಕ್ಕೆ ಕಟ್ಟಬೇಡಿ.

ಕಾರ್ಡಿಗೆ ಹೊಳೆಯುವ ಲ್ಯಾಮಿನೇಷನ್ ಬೇಡ, ಟ್ಯೂಬ್‌ಲೈಟ್ ಬೆಳಕು ಹೊಡೆದರೆ ಕ್ಯಾಮೆರಾ ಓದುವುದಿಲ್ಲ. ಬೆರಳು ಗುರುತಿಗೆ ಅಡ್ಡ ಬಂದರೂ ಅಷ್ಟೇ. ದೊಡ್ಡ ಸೆಟ್ಟಿನಲ್ಲೂ ಇರುವುದು 63 ಕಾರ್ಡ್, ಅದಕ್ಕಿಂತ ದೊಡ್ಡ ಸೆಕ್ಷನ್ ಇದ್ದರೆ ಇಬ್ಬರಿಗೊಂದು ಕೊಡಿ. ಐದಕ್ಕೆ ನಾಲ್ಕು ಸ್ಟಾರ್.