ಹಳೆ ಥಾರ್ ಸಿಆರ್‌ಡಿಇ, ಹೊಸ ಥಾರ್ ಎಂಹಾಕ್: ಹೆಬ್ರಿ ಕಡೆಯ ಗುಡ್ಡೆಯಲ್ಲಿ ಎರಡನ್ನೂ ಓಡಿಸಿದ ಮೇಲೆ

ಮನೆಯಲ್ಲಿ ಎರಡು ಮಹೀಂದ್ರಾ ಥಾರ್ ಜೀಪುಗಳಿವೆ. ಒಂದು 2.5 ಲೀಟರ್ ಸಿಆರ್‌ಡಿಇ ಡೀಸೆಲ್ ಎಂಜಿನ್ನಿನ ಹಳೆಯದು, ಬಿಎಸ್4 ಎಂಬ ಹಿಂದಿನ ಹೊಗೆ ನಿಯಮದ್ದು. ಇನ್ನೊಂದು 2020ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ಹೊಸ ತಲೆಮಾರಿನದು, 2.2 ಲೀಟರ್ ಎಂಹಾಕ್ ಡೀಸೆಲ್, ಮ್ಯಾನುವಲ್ ಗೇರು. ಹೊಸದು ಬಂದ ಮೇಲೂ ಹಳೆಯದನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುವವರು ಬಹಳ.

ಶಕ್ತಿಯ ಕಾರಣಕ್ಕಂತೂ ಅಲ್ಲ. ಹಳೆಯದರದ್ದು 105 ಬಿಎಚ್‌ಪಿ, 247 ಎನ್‌ಎಂ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಎಳೆತ. ಹೊಸದರದ್ದು 130 ಮತ್ತು 300. ಆದರೆ ಗುಡ್ಡೆ ಹತ್ತುವವರು ನೋಡಬೇಕಾದ್ದು ಟಾರ್ಕ್ ಯಾವ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ) ಸಿಗುತ್ತದೆ ಅನ್ನುವುದನ್ನು. ಹಳೆಯದರಲ್ಲಿ ಪೂರ್ತಿ ಟಾರ್ಕ್ 1800ರಿಂದ 2000ದ ಒಳಗೆ. ಹೊಸದರಲ್ಲಿ 1600ರಿಂದ 2800ರ ತನಕ. ನಮ್ಮ ತೋಟದ ಹಿಂದಿನ ಚಡಾವು ಮುರಕಲ್ಲಿನದ್ದು. ಆಟಿ ತಿಂಗಳ ಮಳೆಗೆ ಪಾಚಿ ಕಟ್ಟಿ ಕಾಲೂ ನಿಲ್ಲುವುದಿಲ್ಲ. ಅಲ್ಲಿ ಹಳೆಯದನ್ನು ಫೋರ್ ಲೋಗೆ, ಅಂದರೆ ನಾಲ್ಕೂ ಚಕ್ರ ನಿಧಾನಕ್ಕೆ ಬಲವಾಗಿ ಎಳೆಯುವ ಗೇರಿಗೆ ಹಾಕಿ, ಒಂದನೇ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಬಿಟ್ಟರೆ ತನ್ನ ಪಾಡಿಗೆ ಹತ್ತುತ್ತದೆ. ಅವಸರ ಮಾಡಿ ಒತ್ತಿದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಒಮ್ಮೆಲೇ ಎದ್ದು, ಚಕ್ರ ನಿಂತಲ್ಲೇ ತಿರುಗಿ, ಗಾಡಿ ಅಡ್ಡ ಜಾರುತ್ತದೆ. ಹೊಸದರಲ್ಲಿ ಎಳೆತ ಮೆಲ್ಲ ಮೆಲ್ಲ ಏರುತ್ತದೆ. ಕೆಸರು ಹೊಸತಾದವರ ಕೈಗೆ ಕೊಡುವುದಾದರೆ ನಾನು ಕೊಡುವುದು ಹೊಸದನ್ನೇ. ಆಗುಂಬೆ ಘಾಟಿಯ ತಿರುವುಗಳಲ್ಲೂ ಅದಕ್ಕೆ ಗೇರು ಬದಲಿಸುವ ಕೆಲಸ ಕಡಿಮೆ.

ಹೊಸದರ ತೊಡಕಿರುವುದು ಸೈಲೆನ್ಸರ್ ಕಡೆ. ಅದರಂಥ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡಿಯ ಡಿಪಿಎಫ್ ಎಂಬ ಫಿಲ್ಟರ್ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಮಸಿ ಸುಟ್ಟು ಹೋಗಲು ಸುಮಾರು 600 ಡಿಗ್ರಿ ಬಿಸಿ ಬೇಕು. ಅದಕ್ಕಾಗಿ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ನಡುವೆ ಗಾಡಿ ನಿಲ್ಲಿಸಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಮತ್ತೆ ಮತ್ತೆ ಆದರೆ ಉರಿಯದ ಡೀಸೆಲ್ ಎಂಜಿನ್ ಆಯಿಲಿಗೆ ಸೇರುತ್ತದೆ. ತೋಟದಿಂದ ಮನೆಗೆ, ಮನೆಯಿಂದ ಡೈರಿಗೆ, ಗೊಬ್ಬರಕ್ಕೆ ಸೊಸೈಟಿಗೆ: ನಮ್ಮ ದಿನದ ಓಟ ಇಷ್ಟೇ ಮಾರಾಯ್ರೆ, ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುತ್ತದೆ. ಹಾಗಾಗಿ ಹೊಸದನ್ನು ಆಗಾಗ ಉಡುಪಿ ತನಕ ಒಂದೇ ಹದದಲ್ಲಿ ಓಡಿಸಿ ತರುತ್ತೇನೆ. ಡಿಪ್‌ಸ್ಟಿಕ್ ಎಳೆದು ಆಯಿಲ್ ಇಳಿದಿದೆಯಾ ಎಂದು ಮಾತ್ರವಲ್ಲ, ಏರಿದೆಯಾ ಎಂದೂ ನೋಡುತ್ತೇನೆ. ಇದು ಯಾವುದೋ ಒಂದು ಕಂಪನಿಯ ದೋಷ ಅಲ್ಲ, ಡಿಪಿಎಫ್ ಇರುವ ಡೀಸೆಲ್‌ನ ಗುಣವೇ ಹಾಗೆ. ಹಿಂದೆ ಬರುವ ಬೈಕಿನವರಿಗೆ ಹೊಗೆ ಕುಡಿಸದ ಎಂಜಿನ್ ಬೇಕು ಎನ್ನುವುದರಲ್ಲಿ ನನ್ನದು ಎರಡು ಮಾತಿಲ್ಲ. ಆದರೆ ದಿನವೂ ಎರಡು ಮೂರು ಕಿಲೋಮೀಟರಿನ ಓಟಕ್ಕೇ ಗಾಡಿ ಬೇಕೆಂದಾದರೆ ಹಳೆ ಎಂಜಿನ್ನಿಗೆ ಅದು ಹೆಚ್ಚು ಒಗ್ಗುತ್ತದೆ. ನಾನು ಅದನ್ನು ಮಾರದಿರುವುದು ಇದಕ್ಕೇ.

ಹಾಗಂತ ಹಳೆ ಥಾರ್ ಎಲೆಕ್ಟ್ರಾನಿಕ್ಸ್ ಇಲ್ಲದ ಗಾಡಿ ಅಲ್ಲ. ಅದರದ್ದೂ ಕಾಮನ್ ರೈಲ್, ಅದಕ್ಕೂ ಡೀಸೆಲ್ ಚಿಮ್ಮುವುದನ್ನು ನಿಯಂತ್ರಿಸುವ ಇಸಿಯು ಎಂಬ ಕಂಪ್ಯೂಟರ್ ಇದೆ. ಮೆಕ್ಯಾನಿಕಲ್ ಪಂಪಿನ ಎಂಜಿನ್ ಏನೆಂದು ತಿಳಿಯಬೇಕಾದರೆ ಕೊಲ್ಲೂರಿಗೆ ಹೋಗಿ, 1343 ಮೀಟರ್ ಎತ್ತರದ ಕೊಡಚಾದ್ರಿಗೆ ಜನ ತುಂಬಿಕೊಂಡು ಹತ್ತುವ ಹಳೆ ಜೀಪುಗಳನ್ನು ನೋಡಿ. ಡೀಸೆಲ್ ಪೈಪಿಗೆ ಗಾಳಿ ಹೊಕ್ಕು ದಾರಿಯಲ್ಲಿ ನಿಂತರೂ, ಒಂದು ಸ್ಪ್ಯಾನರ್ ಇದ್ದರೆ ಡ್ರೈವರೇ ಏರ್ ತೆಗೆದು ಹೊರಡುತ್ತಾನೆ. ನನಗೆ ಆ ಎಂಜಿನ್ನುಗಳ ಮೇಲೆ ದೊಡ್ಡ ಗೌರವ. ಸೆನ್ಸರ್ ಹೆಚ್ಚಿದಷ್ಟೂ ವಯರೂ ಹೆಚ್ಚು. ಅಡಿಕೆ ತೋಟದ ಶೆಡ್ಡಿನಲ್ಲಿ ಇಲಿ ಮೊದಲು ಹುಡುಕುವುದೇ ಅದನ್ನು. ಒಳಗೆ ಇಲಿ ಅಡಗಿ ಕೂರದಿರಲಿ ಎಂದು ರಾತ್ರಿ ಹೊಸದರ ಬಾನೆಟ್ ತೆರೆದೇ ಇಡುತ್ತೇನೆ.

ಕೂರುವ ಸುಖದಲ್ಲಿ ಹೋಲಿಕೆಯೇ ಬೇಡ. ಹಿಂದೆ ಕಾಯಿಲ್ ಸ್ಪ್ರಿಂಗ್ ಇರುವ ಹೊಸದನ್ನು ಬಿಟ್ಟು ಲೀಫ್ ಸ್ಪ್ರಿಂಗಿನ ಹಳೆಯದರಲ್ಲಿ ಮನೆಯವರು ಮಂಗಳೂರಿಗೆ ಬರುವುದೇ ಇಲ್ಲ.

ಹಳೆಯದನ್ನು ಕೊಳ್ಳುವವರು ಬೆಳಿಗ್ಗೆ ಬೇಗ ಹೋಗಿ. ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ, ಇನ್ನೊಂದು ದಿನ ಬನ್ನಿ. ನೀಲಿ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಉರಿಯುತ್ತಿದೆ. ಮಲ್ಪೆ, ಪಣಂಬೂರಿನಂಥ ಕಡಲ ಬದಿಯ ಉಪ್ಪು ಗಾಳಿಯಲ್ಲಿ ಓಡಿದ ಗಾಡಿಯಾದರೆ ಎಂಜಿನ್ನಿಗಿಂತ ಮೊದಲು ಕೆಳಗೆ ಮಲಗಿ, ಸ್ಪ್ರಿಂಗ್ ಕೂರುವ ಜಾಗದಲ್ಲಿ ಚಾಸಿಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ತುಕ್ಕು ಪದರ ಪದರವಾಗಿ ಉದುರಿದರೆ ರೇಟು ಮಾತಾಡಲೇ ಹೋಗಬೇಡಿ.